ಗುಂಡಿ ಒತ್ತಿದರೂ ಅಲುಗದ ಕಂಪ್ಯೂಟರ್: ಎಸ್‌ಎಂಪಿಎಸ್ ಮತ್ತು ಸ್ಟ್ಯಾಂಡ್‌ಬೈ ವಿದ್ಯುತ್ ಪರೀಕ್ಷೆಯ ಸಮಗ್ರ ಮಾರ್ಗದರ್ಶಿ

"ಪೇಪರ್ ಕ್ಲಿಪ್ ಹಾಕಿ ನೋಡಿದೆ, ಫ್ಯಾನ್ ತಿರುಗಿತು. ಎಸ್‌ಎಂಪಿಎಸ್ ಸರಿಯಿದೆ ಅಂತ ಮದರ್‌ಬೋರ್ಡನ್ನೇ ಬದಲಿಸಿದೆ. ಈಗಲೂ ಆನ್ ಆಗುತ್ತಿಲ್ಲ." ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜ್‌ಗಳಾಗಿ ಮಾಡಿಕೊಡುವ ಪೆಟ್ಟಿಗೆ; ಅದರ ಹಸಿರು ವೈರನ್ನು ಕಪ್ಪು ವೈರಿಗೆ ಜೋಡಿಸಿ ಮದರ್‌ಬೋರ್ಡ್ ಇಲ್ಲದೆಯೇ ಆನ್ ಮಾಡಿ ನೋಡುವುದು ಪೇಪರ್ ಕ್ಲಿಪ್ ಪರೀಕ್ಷೆ. ಇವರಲ್ಲಿ ಹೆಚ್ಚಿನವರು ತಪ್ಪಿದ್ದು ಪರೀಕ್ಷೆಯಲ್ಲಲ್ಲ, ಪರೀಕ್ಷೆಯ ಸರದಿಯಲ್ಲಿ. ಮೊದಲು ನೋಡಬೇಕಾದ ನೇರಳೆ ವೈರನ್ನು ನೋಡದೆ ನೇರವಾಗಿ ಹಸಿರು ವೈರಿಗೆ ಕೈ ಹಾಕಿರುತ್ತಾರೆ.

ಡೆಸ್ಕ್‌ಟಾಪ್ ಆನ್ ಆಗುವ ಕ್ರಮ ತಿಳಿದರೆ ಪರೀಕ್ಷೆಯ ಕ್ರಮವೂ ತಿಳಿದ ಹಾಗೆ. ಗೋಡೆಯ ಸ್ವಿಚ್ ಹಾಕಿದ ಕೂಡಲೇ ಎಸ್‌ಎಂಪಿಎಸ್‌ನೊಳಗಿನ ಒಂದು ಪುಟ್ಟ ಸರ್ಕ್ಯೂಟ್ ಎಚ್ಚರಗೊಂಡು ನೇರಳೆ ವೈರಿನಲ್ಲಿ 5 ವೋಲ್ಟ್ ಕೊಡಲು ಶುರುಮಾಡುತ್ತದೆ. ಇದೇ ಸ್ಟ್ಯಾಂಡ್‌ಬೈ. ಕಂಪ್ಯೂಟರ್ ಆಫ್ ಇದ್ದಾಗಲೂ ಇದು ದುಡಿಯುತ್ತಲೇ ಇರುತ್ತದೆ. ಗುಂಡಿಯನ್ನು ಯಾವಾಗ ಒತ್ತುತ್ತಾರೆಂದು ಮದರ್‌ಬೋರ್ಡ್ ಕಾದು ಕೂರುವುದು ಇದರ ಬಲದಿಂದಲೇ. ಗುಂಡಿ ಒತ್ತಿದಾಗ ಮದರ್‌ಬೋರ್ಡ್ ಹಸಿರು ವೈರನ್ನು ಸೊನ್ನೆ ವೋಲ್ಟ್‌ಗೆ ಎಳೆಯುತ್ತದೆ. ಆಗ ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟ್‌ಗಳನ್ನು ಹೊರಡಿಸುತ್ತದೆ. ಅವು ನೆಲೆಗೊಂಡ ಮೇಲೆ, ಸಾಮಾನ್ಯವಾಗಿ 100ರಿಂದ 500 ಮಿಲಿಸೆಕೆಂಡ್‌ಗಳಲ್ಲಿ, ಬೂದು ವೈರಿನಲ್ಲಿ "ಎಲ್ಲ ಸರಿ" ಎಂಬ ಸಂಕೇತ ಬರುತ್ತದೆ. ಅದು ಸಿಕ್ಕ ಮೇಲೆಯೇ ಪ್ರೊಸೆಸರ್ ಕೆಲಸಕ್ಕಿಳಿಯುವುದು. ನಾವು ಹುಡುಕುವುದೂ ಇದೇ ದಾರಿಯಲ್ಲಿ: ಗೋಡೆ, ನೇರಳೆ, ಗುಂಡಿ, ಹಸಿರು, ಉಳಿದ ವೋಲ್ಟೇಜ್‌ಗಳು, ಕೊನೆಗೆ ಬೂದು.

## ಬೇಕಾಗುವ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್, ದುಬಾರಿಯದೇ ಆಗಬೇಕಿಲ್ಲ. ಸ್ಟಾರ್ ಸ್ಕ್ರೂಡ್ರೈವರ್. ಬೇರೆ ಕಡೆ ಕೆಲಸ ಮಾಡುತ್ತಿದೆ ಎಂದು ಖಾತ್ರಿಯಿರುವ ಪವರ್ ಕಾರ್ಡ್. ಹಳೆಯ ಕ್ಯಾಬಿನೆಟ್ ಫ್ಯಾನ್ ಅಥವಾ ಹಳೆಯ ಹಾರ್ಡ್ ಡಿಸ್ಕ್. ಪ್ಲಾಸ್ಟಿಕ್ ಹೊದಿಕೆಯುಳ್ಳ ತುಂಡು ವೈರು. ಸಾಧ್ಯವಾದರೆ 5 ಓಮ್, 10 ವ್ಯಾಟ್‌ನ ಒಂದು ರೆಸಿಸ್ಟರ್. ಇವುಗಳ ಜೊತೆಗೆ ಪೆನ್ನು, ಕಾಗದ. ಕಂಡ ಅಂಕಿಯನ್ನೆಲ್ಲ ಬರೆದಿಡಿ, ನಾಲ್ಕನೇ ಅಳತೆಯ ಹೊತ್ತಿಗೆ ಮೊದಲನೆಯದು ಮರೆತುಹೋಗಿರುತ್ತದೆ.

ಕೇಬಲ್‌ಗಳನ್ನು ಬಿಚ್ಚುವ ಮೊದಲು ಫೋನಿನಲ್ಲಿ ಎರಡು ಮೂರು ಫೋಟೋ ತೆಗೆದುಕೊಳ್ಳಿ.

## ಕೈ ಹಾಕುವ ಮೊದಲು

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. 230 ವೋಲ್ಟ್ ಮೇನ್ಸ್ ಇರುವ ಕಡೆ ಒಳಗಿನ ದೊಡ್ಡ ಕೆಪಾಸಿಟರ್ ಸುಮಾರು 325 ವೋಲ್ಟ್‌ಗೆ ತುಂಬಿಕೊಂಡಿರುತ್ತದೆ. ಆಕ್ಟಿವ್ ಪಿಎಫ್‌ಸಿ (ಮೇನ್ಸ್‌ನಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಮಾದರಿಗಳಲ್ಲಿ 400ರ ಹತ್ತಿರಕ್ಕೂ ಹೋಗುತ್ತದೆ. ಕಾರ್ಡ್ ಕಿತ್ತ ಮೇಲೂ ಆ ಚಾರ್ಜ್ ಉಳಿದಿರಬಹುದು. ಈ ಮಾರ್ಗದರ್ಶಿಯಲ್ಲಿ ಹೇಳಿರುವ ಅಳತೆಗಳೆಲ್ಲ ಪೆಟ್ಟಿಗೆಯಿಂದ ಹೊರಬಂದ ವೈರುಗಳಲ್ಲಿ. ಅಲ್ಲಿ ಇರುವುದು ಹೆಚ್ಚೆಂದರೆ 12 ವೋಲ್ಟ್.

ಮಲ್ಟಿಮೀಟರ್‌ನ ಕೆಂಪು ಪ್ರೋಬ್ ವೋಲ್ಟ್ ಗುರುತಿನ ತೂತಿನಲ್ಲಿದೆಯೇ ನೋಡಿಕೊಳ್ಳಿ. ಹಿಂದೆ ಯಾವಾಗಲೋ ಕರೆಂಟ್ ಅಳೆದು 10 ಆಂಪಿಯರ್ ತೂತಿನಲ್ಲೇ ಬಿಟ್ಟಿದ್ದರೆ, ನೀವು ವೋಲ್ಟೇಜ್ ನೋಡಲು ಹೋಗಿ ನೇರವಾಗಿ ಶಾರ್ಟ್ ಮಾಡುತ್ತೀರಿ. ಡಯಲ್ ಡಿಸಿ 20 ವೋಲ್ಟ್‌ನಲ್ಲಿರಲಿ.

ಸುಟ್ಟ ವಾಸನೆ, ಹೊಗೆ, ಒಳಗಿನಿಂದ ಚಟಪಟ ಸದ್ದು, ಆನ್ ಮಾಡಿದ ಕೂಡಲೇ ಮನೆಯ ಎಂಸಿಬಿ ಬೀಳುವುದು ಕಂಡರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಆ ಎಸ್‌ಎಂಪಿಎಸ್ ಅನ್ನು "ಇನ್ನೊಂದೇ ಒಂದು ಸಲ" ಅಂತ ಹಚ್ಚಬೇಡಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎನ್ನುವುದು ಬೇರೆ ವಿಷಯ. ಅದು ಬಹುತೇಕ ಅರ್ಥಿಂಗ್ ಇಲ್ಲದ ಸಾಕೆಟ್‌ನ ಗುರುತು: ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳು ಲೋಹದ ಮೈಗೆ ಬಿಡುವ ಅಲ್ಪ ಕರೆಂಟ್ ಇಳಿದುಹೋಗಲು ದಾರಿಯಿಲ್ಲ. ಮೊದಲು ಅರ್ಥಿಂಗ್ ಸರಿಪಡಿಸಿ, ಉಳಿದದ್ದು ಆಮೇಲೆ.

ಇನ್ನೊಂದು ಎಚ್ಚರಿಕೆ. ಮುಂದಿನ ಬಣ್ಣಗಳೂ ಅಂಕಿಗಳೂ 24 ಪಿನ್ನಿನ ಸಾಮಾನ್ಯ ಎಟಿಎಕ್ಸ್ (ಡೆಸ್ಕ್‌ಟಾಪ್‌ಗಳ ಪ್ರಮಾಣಿತ ಮಾದರಿ) ಎಸ್‌ಎಂಪಿಎಸ್‌ಗೆ ಸೇರಿದವು. ಕಂಪನಿಯಿಂದಲೇ ಜೋಡಿಸಿ ಬರುವ ಕೆಲವು ಯಂತ್ರಗಳಲ್ಲಿ ಪಿನ್ನುಗಳೂ ಬಣ್ಣಗಳೂ ಬೇರೆ. 10 ಪಿನ್ನಿನ ಎಟಿಎಕ್ಸ್12ವಿಓ ಮಾದರಿಯಲ್ಲಂತೂ ಸ್ಟ್ಯಾಂಡ್‌ಬೈ ವೋಲ್ಟೇಜೇ 12. ನಿಮ್ಮದು 24 ಪಿನ್ ಅಲ್ಲದಿದ್ದರೆ ಮೊದಲು ಅದರ ಕೈಪಿಡಿ ನೋಡಿ.

## ಹಂತ 1: ಗೋಡೆಯಿಂದ ಪೆಟ್ಟಿಗೆಯವರೆಗೆ

ಎಕ್ಸ್‌ಟೆನ್ಷನ್ ಬೋರ್ಡ್, ಸ್ಪೈಕ್ ಗಾರ್ಡ್, ಯುಪಿಎಸ್ ಎಲ್ಲವನ್ನೂ ಬಿಟ್ಟು ಖಾತ್ರಿಯಿರುವ ಕಾರ್ಡಿನಿಂದ ಗೋಡೆಯ ಸಾಕೆಟ್‌ಗೆ ನೇರವಾಗಿ ಕೊಡಿ. ಅದೇ ಸಾಕೆಟ್‌ನಲ್ಲಿ ಬೇರೇನಾದರೂ ಹಚ್ಚಿ ಕರೆಂಟ್ ಇದೆಯೇ ನೋಡಿ. ಎಸ್‌ಎಂಪಿಎಸ್ ಹಿಂಬದಿಯ ಸ್ವಿಚ್ ಗೆರೆಯ ಗುರುತಿನ ಕಡೆ ಒತ್ತಿರಬೇಕು, ಸೊನ್ನೆಯ ಕಡೆ ಅಲ್ಲ. ನಗಬೇಡಿ, ಧೂಳು ಒರೆಸುವಾಗ ಈ ಸ್ವಿಚ್ ಆಫ್ ಆಗಿ ಎರಡು ದಿನ ತಲೆ ಕೆಡಿಸಿಕೊಂಡವರಿದ್ದಾರೆ.

ಹಳೆಯ ಮಾದರಿಗಳಲ್ಲಿ 115/230 ಎಂಬ ಸಣ್ಣ ಕೆಂಪು ಸ್ಲೈಡ್ ಇರುತ್ತದೆ. ಅದು ನಿಮ್ಮ ಮೇನ್ಸ್‌ಗೆ ಹೊಂದಿರಬೇಕು. 230 ವೋಲ್ಟ್ ಇರುವಲ್ಲಿ 115ಕ್ಕೆ ಸರಿಸಿದರೆ ಠಪ್ ಎಂದು ಸುಟ್ಟುಹೋಗುತ್ತದೆ.

## ಹಂತ 2: ಉಳಿದ ಚಾರ್ಜ್ ಇಳಿಸುವುದು

ಕಾರ್ಡ್ ಕಿತ್ತು, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಐದು ನಿಮಿಷ ಬಿಟ್ಟು ಮತ್ತೆ ಹಚ್ಚಿ.

ಇದೇನೂ ಮಂತ್ರವಲ್ಲ. ಹೆಚ್ಚು ಕರೆಂಟ್ ಹರಿದರೆ, ಶಾರ್ಟ್ ಆದರೆ, ವೋಲ್ಟೇಜ್ ಏರಿಳಿದರೆ ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ಬೀಗ ಹಾಕಿಕೊಂಡು ಕೂರುತ್ತದೆ. ಮೇನ್ಸ್ ಪೂರ್ತಿ ತಪ್ಪಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮಾತ್ರ ಬಹಳಷ್ಟು ಮಾದರಿಗಳಲ್ಲಿ ಆ ಬೀಗ ತೆರೆಯುತ್ತದೆ. ಇದರಿಂದ ಆನ್ ಆದರೆ ಸಂತೋಷ, ಆದರೆ ಬೀಗ ಬಿದ್ದದ್ದೇಕೆ ಎಂಬುದು ಉಳಿದೇ ಇದೆ. ವಾರದಲ್ಲಿ ಎರಡನೇ ಸಲ ಹೀಗಾದರೆ ಮುಂದಿನ ಹಂತಕ್ಕೆ ಬನ್ನಿ.

## ಹಂತ 3: ನೇರಳೆ ವೈರು, ಎಲ್ಲಕ್ಕಿಂತ ಮುಖ್ಯವಾದದ್ದು

ಮದರ್‌ಬೋರ್ಡ್‌ಗೆ ಚುಚ್ಚಿರುವ 24 ಪಿನ್ ಕನೆಕ್ಟರ್ ಅನ್ನು ತೆಗೆಯದೆ ಹಾಗೆಯೇ ಬಿಡಿ. ಕಂಪ್ಯೂಟರ್ ಆಫ್ ಇರಲಿ, ಗೋಡೆಯ ಸ್ವಿಚ್ ಆನ್ ಇರಲಿ. ಕಪ್ಪು ಪ್ರೋಬ್ ಅನ್ನು ಯಾವುದಾದರೂ ಕಪ್ಪು ವೈರಿನ ಹಿಂಬದಿಯಿಂದ ತೂರಿಸಿ, ಕೆಂಪು ಪ್ರೋಬ್ ಅನ್ನು ನೇರಳೆ ವೈರಿನ ಹಿಂಬದಿಯಿಂದ ತೂರಿಸಿ ಲೋಹಕ್ಕೆ ತಾಗಿಸಿ. ನೇರಳೆಯದು 9ನೇ ಪಿನ್. ಅದರ ಒಂದು ಪಕ್ಕ ಬೂದು, ಇನ್ನೊಂದು ಪಕ್ಕ ಹಳದಿ. ಎಲ್ಲ ವೈರುಗಳೂ ಕಪ್ಪಾಗಿರುವ ಮಾದರಿಯಾದರೆ ಕೈಪಿಡಿಯ ಚಿತ್ರ ನೋಡಿ ಪಿನ್ ಎಣಿಸಿ, ಅಂದಾಜು ಬೇಡ.

ಮಲ್ಟಿಮೀಟರ್ 4.75ರಿಂದ 5.25ರೊಳಗೆ ತೋರಿಸಬೇಕು.

ಸೊನ್ನೆ ತೋರಿಸಿದರೆ ಕಾರ್ಡ್ ಕಿತ್ತು, 24 ಪಿನ್ ಕನೆಕ್ಟರ್ ಅನ್ನೂ ಹೊರಗೆಳೆದು, ಕಾರ್ಡ್ ಮತ್ತೆ ಹಚ್ಚಿ ಅದೇ ಅಳತೆ ಮಾಡಿ. ಆಗಲೂ ಸೊನ್ನೆಯಾದರೆ ಎಸ್‌ಎಂಪಿಎಸ್ ಸತ್ತಿದೆ, ಹೆಚ್ಚಿನ ತನಿಖೆ ಬೇಕಿಲ್ಲ. ಹೊರಗೆಳೆದಾಗ 5 ಬಂದು, ಚುಚ್ಚಿದಾಗ 3.5ಕ್ಕೋ 2ಕ್ಕೋ ಕುಸಿದರೆ ಅಸಲಿ ಪತ್ತೇದಾರಿ ಈಗ ಶುರು. ಒಂದೋ ಸ್ಟ್ಯಾಂಡ್‌ಬೈ ಸರ್ಕ್ಯೂಟ್ ಭಾರ ಹೊರಲಾರದಷ್ಟು ಸೊರಗಿದೆ, ಇಲ್ಲವೇ ಮದರ್‌ಬೋರ್ಡ್ ಕಡೆಯಿಂದ ಏನೋ ಅದನ್ನು ಹೀರುತ್ತಿದೆ.

ಎರಡನ್ನೂ ಬೇರ್ಪಡಿಸಲು ಮೊದಲು ಯುಎಸ್‌ಬಿಗೆ ಹಚ್ಚಿದ್ದನ್ನೆಲ್ಲ, ನೆಟ್‌ವರ್ಕ್ ಕೇಬಲ್ ಸಹಿತ, ಕಿತ್ತು ನೋಡಿ. ಮುರಿದ ಯುಎಸ್‌ಬಿ ಪೋರ್ಟಿನ ಬಾಗಿದ ಪಿನ್ನು ಒಂದೇ ಸಾಕು ಸ್ಟ್ಯಾಂಡ್‌ಬೈಯನ್ನು ನೆಲಕ್ಕೆಳೆಯಲು. ಆಮೇಲೆ ಸ್ಲಾಟ್‌ಗಳಲ್ಲಿರುವ ಕಾರ್ಡ್‌ಗಳನ್ನು ತೆಗೆಯಿರಿ. ಪ್ರತಿ ಸಲವೂ ಮೇನ್ಸ್ ಆಫ್ ಮಾಡಿಯೇ ತೆಗೆಯಬೇಕು, ಯಾಕೆಂದರೆ ಆಫ್ ಎನಿಸಿದ ಬೋರ್ಡ್‌ನಲ್ಲೂ ಸ್ಟ್ಯಾಂಡ್‌ಬೈ ಹರಿಯುತ್ತಿರುತ್ತದೆ. ಎಲ್ಲ ತೆಗೆದ ಮೇಲೂ ಕುಸಿಯುತ್ತಿದ್ದರೆ, ಯಂತ್ರ ಆಫ್ ಇರುವಾಗಲೇ ಬೋರ್ಡಿನ ಚಿಪ್‌ಸೆಟ್ ಅಥವಾ ನೆಟ್‌ವರ್ಕ್ ಚಿಪ್ ಮೇಲೆ ಬೆರಳನ್ನು ಮೆಲ್ಲಗೆ ತಾಗಿಸಿ. ಆಫ್ ಇರುವಾಗ ಕೈ ಸುಡುವಷ್ಟು ಬಿಸಿಯಾದರೆ ಶಾರ್ಟ್ ಆಗಿರುವುದು ಬೋರ್ಡೇ.

ರೆಸಿಸ್ಟರ್ ಇಟ್ಟುಕೊಂಡವರಿಗೆ ಇನ್ನೂ ಖಚಿತವಾದ ದಾರಿಯಿದೆ. ಕನೆಕ್ಟರ್ ಹೊರಗಿರುವಾಗ ನೇರಳೆ ಮತ್ತು ಕಪ್ಪಿನ ನಡುವೆ 5 ಓಮ್ ರೆಸಿಸ್ಟರ್ ಹಿಡಿದರೆ ಸುಮಾರು 1 ಆಂಪಿಯರ್ ಹರಿಯುತ್ತದೆ. ಸಾಮಾನ್ಯ ಎಸ್‌ಎಂಪಿಎಸ್‌ನ ಸ್ಟ್ಯಾಂಡ್‌ಬೈ 2ರಿಂದ 3 ಆಂಪಿಯರ್ ಕೊಡಬಲ್ಲದು, ಹಾಗಾಗಿ ಇದು ಅದಕ್ಕೆ ಹೊರೆಯೇ ಅಲ್ಲ. ಆದರೂ 4.75ಕ್ಕಿಂತ ಕೆಳಗಿಳಿದರೆ ಎಸ್‌ಎಂಪಿಎಸ್ ತಪ್ಪಿತಸ್ಥ. ಇಪ್ಪತ್ತು ಸೆಕೆಂಡ್ ಸಾಕು. ರೆಸಿಸ್ಟರ್ ಕಾದು ಬಿಸಿಯಾಗುತ್ತದೆ, ಬರಿಗೈಯಲ್ಲಿ ಹಿಡಿಯಬೇಡಿ.

ಸೊರಗಿದ ಸ್ಟ್ಯಾಂಡ್‌ಬೈ ಒಮ್ಮೆಗೇ ಸಾಯುವುದಿಲ್ಲ, ಮೊದಲೇ ಸುಳಿವು ಕೊಡುತ್ತದೆ. ಗುಂಡಿಯನ್ನು ನಾಲ್ಕೈದು ಸಲ ಒತ್ತಿದರೆ ಮಾತ್ರ ಆನ್ ಆಗುವುದು; ಗೋಡೆಯ ಸ್ವಿಚ್ ಹಾಕಿ ಅರ್ಧ ಗಂಟೆ ಬಿಟ್ಟರೆ ಆನ್ ಆಗುವುದು; ಬೋರ್ಡಿನ ಪುಟ್ಟ ಎಲ್‌ಇಡಿ ಮಿಣುಕುವುದು; ಆಫ್ ಇದ್ದಾಗ ಎಸ್‌ಎಂಪಿಎಸ್‌ನಿಂದ ಗಡಿಯಾರದಂತೆ ಟಿಕ್ ಟಿಕ್ ಸದ್ದು ಬರುವುದು. ಸ್ಲೀಪ್‌ನಿಂದ ಏಳುವಾಗ ಮಾತ್ರ ಹ್ಯಾಂಗ್ ಆಗಿ, ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಸರಿಯಿದ್ದರೂ ಸಂಶಯ ಇದರ ಮೇಲೆಯೇ, ಏಕೆಂದರೆ ಸ್ಲೀಪ್‌ನಲ್ಲಿ ರ್‍ಯಾಮ್ ಜೀವ ಹಿಡಿದಿರುವುದು ಸ್ಟ್ಯಾಂಡ್‌ಬೈಯಿಂದ. ಕಾರಣ ಹೆಚ್ಚಾಗಿ ಒಳಗಿನ ಸಣ್ಣ ಕೆಪಾಸಿಟರ್‌ಗಳು. ಕಂಪ್ಯೂಟರ್ ಬಳಸಿದರೂ ಬಿಟ್ಟರೂ ಇಪ್ಪತ್ನಾಲ್ಕು ಗಂಟೆ ಬಿಸಿಯಲ್ಲಿ ದುಡಿದು ಅವು ಒಣಗಿರುತ್ತವೆ.

## ಹಂತ 4: ಗುಂಡಿಯ ಮೇಲೂ ಒಂದು ಕಣ್ಣಿರಲಿ

ನೇರಳೆಯಲ್ಲಿ 5 ವೋಲ್ಟ್ ಸ್ಥಿರವಾಗಿದೆ, ಆದರೂ ಆನ್ ಆಗುತ್ತಿಲ್ಲ. ಈಗ ಮುಂಬದಿಯ ಗುಂಡಿಯಿಂದ ಬರುವ ಎರಡು ವೈರಿನ ಪ್ಲಗ್ ಅನ್ನು ಬೋರ್ಡಿನಿಂದ ಕಿತ್ತು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಅರೆಕ್ಷಣ ಒಟ್ಟಿಗೆ ತಾಗಿಸಿ. ಯಾವ ಎರಡು ಪಿನ್ ಎಂಬುದು ಬೋರ್ಡಿನ ಮೇಲೆ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಆನ್ ಆಯಿತೇ? ಹಾಗಾದರೆ ಕೆಟ್ಟಿರುವುದು ಗುಂಡಿ. ರೀಸೆಟ್ ಗುಂಡಿ ಸರಿಯಿದ್ದರೆ ಅದರ ಪ್ಲಗ್ ಅನ್ನೇ ಪವರ್ ಪಿನ್ನುಗಳಿಗೆ ಹಾಕಿ ಕೆಲಸ ಸಾಗಿಸಬಹುದು.

ಆನ್ ಆಗಿ, ನಾಲ್ಕೈದು ಸೆಕೆಂಡಿಗೆ ಸರಿಯಾಗಿ ಆಫ್ ಆಗುವ ಯಂತ್ರವನ್ನು ಕಂಡರೆ ಎಸ್‌ಎಂಪಿಎಸ್ ಬದಲಿಸುವ ಮೊದಲು ಗುಂಡಿ ಒಳಗೇ ಸಿಕ್ಕಿಕೊಂಡಿದೆಯೇ ನೋಡಿ. ಗುಂಡಿಯನ್ನು ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಬಲವಂತದ ಆಫ್ ಎಂದು ಬೋರ್ಡ್ ತಿಳಿಯುತ್ತದೆ. ಇದನ್ನು ನಾನು ಕಲಿತದ್ದು ಒಂದು ಒಳ್ಳೆಯ ಎಸ್‌ಎಂಪಿಎಸ್ ಅನ್ನು ವೃಥಾ ಬದಲಿಸಿದ ಮೇಲೆ. ಹೊಸದನ್ನು ಹಾಕಿದರೂ ಅದೇ ನಾಲ್ಕು ಸೆಕೆಂಡ್!

ಇದೇ ಹೊತ್ತಿಗೆ ಬೋರ್ಡಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನೂ ಅಳೆಯಿರಿ. 3 ವೋಲ್ಟ್ ಆಸುಪಾಸಿನಲ್ಲಿರಬೇಕು. ತೀರಾ ಇಳಿದ ಬ್ಯಾಟರಿಯಿದ್ದರೆ ಆನ್ ಆಗಲು ಹಟ ಮಾಡುವ ಬೋರ್ಡ್‌ಗಳೂ ಇವೆ.

## ಹಂತ 5: ಹಸಿರು ವೈರಿನ ಸಾಕ್ಷಿ

ಕೆಂಪು ಪ್ರೋಬ್ ಅನ್ನು ಈಗ ಹಸಿರು ವೈರಿಗೆ ತನ್ನಿ. 16ನೇ ಪಿನ್, ಎರಡೂ ಪಕ್ಕದಲ್ಲಿ ಕಪ್ಪು. ಆಫ್ ಇದ್ದಾಗ ಇಲ್ಲಿ ಸಾಮಾನ್ಯವಾಗಿ 5 ವೋಲ್ಟ್ ಹತ್ತಿರ ಇರುತ್ತದೆ. ಪ್ರೋಬ್ ಹಿಡಿದುಕೊಂಡೇ ಗುಂಡಿ ಒತ್ತಿ, ಬೇರೆಯವರಿಂದ ಒತ್ತಿಸಿದರೆ ಇನ್ನೂ ಒಳ್ಳೆಯದು.

ಹಸಿರು ಕೆಳಗಿಳಿಯಲೇ ಇಲ್ಲವೆಂದರೆ ಮದರ್‌ಬೋರ್ಡ್ ಆಜ್ಞೆಯನ್ನೇ ಕೊಡುತ್ತಿಲ್ಲ. ಸ್ಟ್ಯಾಂಡ್‌ಬೈ ಸರಿಯಿದ್ದು ಗುಂಡಿಯೂ ಸರಿಯಿದ್ದರೆ ದೋಷ ಬೋರ್ಡಿನದು. 0.8 ವೋಲ್ಟ್‌ಗಿಂತ ಕೆಳಗಿಳಿದು ಅಲ್ಲೇ ನಿಂತಿದೆ, ಆದರೂ ಯಾವ ಫ್ಯಾನೂ ಅಲುಗಲಿಲ್ಲವೆಂದರೆ ಬೋರ್ಡ್ ಹೇಳಿದ್ದನ್ನು ಎಸ್‌ಎಂಪಿಎಸ್ ಕೇಳುತ್ತಿಲ್ಲ, ಅಥವಾ ಎಲ್ಲೋ ಶಾರ್ಟ್ ಕಂಡು ಹಿಂಜರಿಯುತ್ತಿದೆ. ಬೋರ್ಡೋ ಎಸ್‌ಎಂಪಿಎಸ್ಸೋ ಎಂಬ ಜಗಳವನ್ನು ಈ ಒಂದೇ ಅಳತೆ ಬಿಡಿಸುತ್ತದೆ. ಹೀಗಿದ್ದೂ ಇದನ್ನು ಮಾಡುವವರು ಕಡಿಮೆ, ಪೇಪರ್ ಕ್ಲಿಪ್ ಹುಡುಕುವವರೇ ಹೆಚ್ಚು.

## ಹಂತ 6: ಕ್ಲಿಪ್ ಪರೀಕ್ಷೆ, ಮಾಡುವುದಾದರೆ ಹೀಗೆ

ಮೇನ್ಸ್ ಆಫ್ ಮಾಡಿ. 24 ಪಿನ್, ಪ್ರೊಸೆಸರ್‌ನ 4 ಅಥವಾ 8 ಪಿನ್, ಗ್ರಾಫಿಕ್ಸ್ ಕಾರ್ಡಿನದು ಎಲ್ಲವನ್ನೂ ಕಿತ್ತುಬಿಡಿ. ಹಳೆಯ ಫ್ಯಾನ್ ಅಥವಾ ಹಾರ್ಡ್ ಡಿಸ್ಕ್ ಮಾತ್ರ ಭಾರವಾಗಿ ಹಚ್ಚಿ. ಹಸಿರು ಮತ್ತು ಪಕ್ಕದ ಕಪ್ಪನ್ನು ತುಂಡು ವೈರಿನಿಂದ ಜೋಡಿಸಿ, ಕೈ ತೆಗೆದು, ಆಮೇಲೆ ಮೇನ್ಸ್ ಹಾಕಿ. ವೈರನ್ನು ಹಸಿರಿನ ಬದಲು ಬೇರೆ ಬಣ್ಣಕ್ಕೆ ತೂರಿಸುವುದು ಇಲ್ಲಿನ ಮಾಮೂಲಿ ತಪ್ಪು. ಎರಡು ಸಲ ನೋಡಿ.

ಫ್ಯಾನ್ ತಿರುಗದಿದ್ದ ಮಾತ್ರಕ್ಕೆ ಸತ್ತಿದೆ ಎನ್ನಬೇಡಿ. ಕೆಲವು ಎಸ್‌ಎಂಪಿಎಸ್‌ಗಳು ಬಿಸಿಯಾಗುವವರೆಗೆ ತಮ್ಮ ಫ್ಯಾನ್ ತಿರುಗಿಸುವುದೇ ಇಲ್ಲ, ಕೆಲವು ಹಳೆಯವು ಭಾರವಿಲ್ಲದೆ ಏಳುವುದಿಲ್ಲ. ಹಾಗೆಯೇ ಫ್ಯಾನ್ ತಿರುಗಿದ ಮಾತ್ರಕ್ಕೆ ಆರೋಗ್ಯವಾಗಿದೆ ಎಂದೂ ಅಲ್ಲ. ಒಂದು ಫ್ಯಾನ್ ತಿರುಗಿಸಲು ಒಂದೆರಡು ವ್ಯಾಟ್ ಸಾಕು. ನಿಮ್ಮ ಪ್ರೊಸೆಸರ್ ಕೇಳುವುದು ಅದರ ಹತ್ತಾರು ಪಟ್ಟು. ಈ ಪರೀಕ್ಷೆ "ಇದು ಪೂರ್ತಿ ಸತ್ತಿಲ್ಲ" ಎಂದು ಹೇಳಬಲ್ಲದು, ಅದಕ್ಕಿಂತ ಹೆಚ್ಚಿಗೆ ಏನನ್ನೂ ಅಲ್ಲ.

## ಹಂತ 7: ಉಳಿದ ವೋಲ್ಟೇಜ್‌ಗಳು ಮತ್ತು ಬೂದು ವೈರು

ಯಂತ್ರ ಓಡುತ್ತಿರುವಾಗ ಬೋರ್ಡ್‌ನಲ್ಲಿ ಚುಚ್ಚಿದ ಕನೆಕ್ಟರ್‌ನ ಹಿಂಬದಿಯಿಂದಲೇ ಅಳೆಯಿರಿ. ಹಳದಿ 11.40ರಿಂದ 12.60, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47. ನೀಲಿ ಮೈನಸ್ 12. ಅಲ್ಲಿ ಶೇ 10ರಷ್ಟು ಹೆಚ್ಚುಕಡಿಮೆ ಇದ್ದರೂ ನಡೆಯುತ್ತದೆ.

ಫ್ಯಾನ್‌ಗಳೆಲ್ಲ ತಿರುಗಿ ಪರದೆ ಮಾತ್ರ ಕಪ್ಪಾಗಿದ್ದರೆ ಬೂದು ವೈರು ನೋಡಿ, 8ನೇ ಪಿನ್. ಅಲ್ಲಿ 5 ವೋಲ್ಟ್ ಹತ್ತಿರ ಇಲ್ಲವೆಂದರೆ ಎಸ್‌ಎಂಪಿಎಸ್ "ಸರಿಯಿದೆ" ಎಂದು ಹೇಳಿಲ್ಲ, ಬೋರ್ಡ್ ಕಾಯುತ್ತಲೇ ಇದೆ. ಬೂದು ಸರಿಯಿದ್ದೂ ಚಿತ್ರ ಬರದಿದ್ದರೆ ಪ್ರೊಸೆಸರ್‌ನ 4 ಅಥವಾ 8 ಪಿನ್ ಕನೆಕ್ಟರ್ ಹಾಕಿದ್ದೀರಾ ನೋಡಿ, ಮರೆಯುವವರು ಬಹಳ. ಆಮೇಲೆ ರ್‍ಯಾಮ್ ಕಡೆ ಹೋಗಿ.

ಅಂಕಿಗಳೆಲ್ಲ ಸರಿಯಿದ್ದರೂ ವೋಲ್ಟೇಜ್‌ನ ಸಣ್ಣ ವೇಗದ ನಡುಕವನ್ನು ಮಲ್ಟಿಮೀಟರ್ ತೋರಿಸುವುದಿಲ್ಲ. ಅದನ್ನು ಆಸಿಲೋಸ್ಕೋಪ್ ಮಾತ್ರ ಕಾಣಬಲ್ಲದು. ಮನೆಯಲ್ಲಿ ಅದಕ್ಕೆ ಸಮನಾದ ಉಪಾಯವೆಂದರೆ ಸರಿಯಿದೆಯೆಂದು ಗೊತ್ತಿರುವ ಇನ್ನೊಂದು ಎಸ್‌ಎಂಪಿಎಸ್ ಎರವಲು ತಂದು ಹಾಕಿ ನೋಡುವುದು.

## ಹಂತ 8: ಅರೆಕ್ಷಣ ತಿರುಗಿ ನಿಂತರೆ

ಫ್ಯಾನ್ ಒಮ್ಮೆ ಜರ್ಕ್ ಹೊಡೆದು ನಿಲ್ಲುವುದು ಶಾರ್ಟ್‌ನ ಗುರುತು. ಕಳಚುತ್ತಾ ಹೋಗಬೇಕು: ಮೊದಲು ಗ್ರಾಫಿಕ್ಸ್ ಕಾರ್ಡ್, ಆಮೇಲೆ ಡಿಸ್ಕ್‌ಗಳು, ಮುಂಬದಿಯ ಯುಎಸ್‌ಬಿ ವೈರು, ಒಂದನ್ನು ಬಿಟ್ಟು ಉಳಿದ ರ್‍ಯಾಮ್. ಪ್ರತಿಯೊಂದರ ನಂತರ ಒಂದು ಸಲ ಆನ್ ಮಾಡಿ ನೋಡಿ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಯಾವುದು ಕಳ್ಳ ಎಂದು ತಿಳಿಯುವುದಿಲ್ಲ.

ಇದಾವುದಕ್ಕೂ ಬಗ್ಗದಿದ್ದರೆ ಪ್ರೊಸೆಸರ್‌ನ 8 ಪಿನ್ ಮಾತ್ರ ಕಿತ್ತು ಗುಂಡಿ ಒತ್ತಿ. ಈಗ ಫ್ಯಾನ್ ನಿಲ್ಲದೆ ತಿರುಗಿದರೆ ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಬೋರ್ಡಿನ ಭಾಗದಲ್ಲಿ ಶಾರ್ಟ್ ಇರುವ ಸಂಭವ ಹೆಚ್ಚು. ತಿರುಗದಿದ್ದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ತೆಗೆದು ರಟ್ಟಿನ ಡಬ್ಬದ ಮೇಲಿಟ್ಟು ಹಚ್ಚಿ. ಹೊರಗೆ ಓಡಿ ಒಳಗೆ ಓಡದಿದ್ದರೆ ಬೋರ್ಡಿನ ಅಡಿಯಲ್ಲಿ ಬೇಡದ ಕಡೆ ಕೂತ ಹಿತ್ತಾಳೆಯ ತಿರುಪು, ಇಲ್ಲವೇ ಎಂದೋ ಕೈಜಾರಿದ ಸ್ಕ್ರೂ ಸಿಗುತ್ತದೆ.

## ಹಂತ 9: ಆಟದ ನಡುವೆ ಆಫ್ ಆಗುವುದು

ಸುಮ್ಮನಿದ್ದಾಗ ಚೆನ್ನಾಗಿದ್ದು, ಭಾರೀ ಕೆಲಸ ಕೊಟ್ಟಾಗ ದಿಢೀರನೆ ಆಫ್ ಆಗುವ ಯಂತ್ರದಲ್ಲಿ ಮೊದಲು ಪ್ರೊಸೆಸರ್‌ನ ಬಿಸಿ ನೋಡಿ, ಆಮೇಲೆ ಎಸ್‌ಎಂಪಿಎಸ್. ಭಾರ ಬಿದ್ದಾಗ ಹಳದಿ ವೈರು 11.4ಕ್ಕಿಂತ ಇಳಿಯುತ್ತದೆಯೇ ಅಳೆಯಿರಿ. ವಿಂಡೋಸ್‌ನ ದಾಖಲೆಯಲ್ಲಿ ಕರ್ನಲ್ ಪವರ್ 41 ಕಂಡೊಡನೆ ಎಸ್‌ಎಂಪಿಎಸ್ ಮೇಲೆ ಎರಗಬೇಡಿ. ಆ 41 ಹೇಳುವುದು ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ, ಏಕೆ ಎಂದಲ್ಲ. ಕರೆಂಟ್ ಹೋಗಿ ಯುಪಿಎಸ್‌ಗೆ ಬದಲಾಗುವ ಗಳಿಗೆಯಲ್ಲಷ್ಟೇ ರೀಸ್ಟಾರ್ಟ್ ಆಗುತ್ತಿದ್ದರೆ ಯುಪಿಎಸ್ ಬಿಟ್ಟು ಒಂದೆರಡು ದಿನ ನಡೆಸಿ, ಬೇರೆ ಯುಪಿಎಸ್ ಹಚ್ಚಿಯೂ ನೋಡಿ.

## ಹಂತ 10: ದೋಷವಲ್ಲದ ಸ್ಟ್ಯಾಂಡ್‌ಬೈ ಕಿರಿಕಿರಿ

ಶಟ್‌ಡೌನ್ ಆದ ಮೇಲೂ ಕೀಬೋರ್ಡ್ ದೀಪ ಉರಿಯುವುದು, ಮೌಸ್ ಹೊಳೆಯುವುದು ದೋಷವಲ್ಲ. ನೇರಳೆ ವೈರಿನ 5 ವೋಲ್ಟ್ ಅಲ್ಲಿಗೂ ಹೋಗುತ್ತಿದೆ ಅಷ್ಟೇ. ಬೇಡವೆನಿಸಿದರೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಇಆರ್‌ಪಿ ಎಂಬ, ಆಫ್ ಇದ್ದಾಗ ವಿದ್ಯುತ್ ಉಳಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಅದರಿಂದ ನೆಟ್‌ವರ್ಕ್ ಅಥವಾ ಕೀಬೋರ್ಡ್ ಮೂಲಕ ಯಂತ್ರವನ್ನು ಎಬ್ಬಿಸುವ ಸೌಲಭ್ಯ ಹೋಗುತ್ತದೆ ಎಂಬುದು ನೆನಪಿರಲಿ. ಹೋದ ಮೇಲೆ "ಸ್ಟ್ಯಾಂಡ್‌ಬೈ ಕೆಟ್ಟಿತು" ಎಂದು ಗಾಬರಿಯಾಗುವವರೂ ಇದ್ದಾರೆ.

ತಾನಾಗಿಯೇ ಆನ್ ಆಗುವ ಯಂತ್ರಕ್ಕೆ ಬಯಾಸ್‌ನಲ್ಲಿ ಮೂರು ಕಡೆ ನೋಡಿ: ಕರೆಂಟ್ ಮರಳಿದಾಗ ಏನು ಮಾಡಬೇಕೆಂಬ ಆಯ್ಕೆ, ವೇಕ್ ಆನ್ ಲ್ಯಾನ್ (ನೆಟ್‌ವರ್ಕ್ ಮೂಲಕ ಎಬ್ಬಿಸುವುದು), ಮತ್ತು ಗಡಿಯಾರದ ಅಲಾರಂ. ಸ್ಲೀಪ್‌ನಿಂದ ತಾನಾಗಿ ಏಳುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಮತ್ತು ನೆಟ್‌ವರ್ಕ್ ಕಾರ್ಡ್‌ಗೆ ಕಂಪ್ಯೂಟರ್ ಎಬ್ಬಿಸುವ ಅನುಮತಿ ಇದೆಯೇ ನೋಡಿ ತೆಗೆದುಹಾಕಿ. ಮೇಜು ಅಲುಗಿದರೆ ಸಾಕು, ಮೌಸ್ ಎಬ್ಬಿಸಿಬಿಡುತ್ತದೆ.

## ಬದಲಿಸುವುದೇ ಆದರೆ

ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಗರಿಷ್ಠ ಎಳೆಯುವ ವ್ಯಾಟ್ ಕೂಡಿಸಿ, ಅದಕ್ಕಿಂತ ಧಾರಾಳವಾಗಿರುವುದನ್ನು ಆರಿಸಿ. ಲೇಬಲ್‌ನಲ್ಲಿ ದೊಡ್ಡದಾಗಿ ಬರೆದ ಒಟ್ಟು ವ್ಯಾಟ್‌ಗಿಂತ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ಎಂಬುದನ್ನು ಓದಿ. ಸ್ಟ್ಯಾಂಡ್‌ಬೈ ಸಾಲನ್ನೂ ನೋಡಿ. ಹಾಕಿದ ದಿನವೇ ನೇರಳೆ, ಹಳದಿ, ಕೆಂಪು, ಕಿತ್ತಳೆಯ ಅಳತೆ ಬರೆದು ಕ್ಯಾಬಿನೆಟ್ ಒಳಮೈಗೆ ಅಂಟಿಸಿಡಿ, ಮುಂದೆ ಹೋಲಿಸಲು ಬೇಕಾಗುತ್ತದೆ.

ಬಿಚ್ಚಿ ಹಾಕುವ ಕೇಬಲ್‌ಗಳ ಮಾದರಿಯಾದರೆ ಹಳೆಯದರ ಕೇಬಲ್‌ಗಳನ್ನು ಒಂದನ್ನೂ ಉಳಿಸಿಕೊಳ್ಳದೆ ಕಿತ್ತುಬಿಡಿ. ಎಸ್‌ಎಂಪಿಎಸ್ ಕಡೆಯ ತುದಿಗೆ ಎಲ್ಲರೂ ಒಪ್ಪಿದ ಪಿನ್ ಕ್ರಮವಿಲ್ಲ. ಹಳೆಯ ಕೇಬಲ್ ಹೊಸ ಪೆಟ್ಟಿಗೆಗೆ ಸಲೀಸಾಗಿ ಕೂತು, 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಕಳಿಸಿ ಹಾರ್ಡ್ ಡಿಸ್ಕ್ ಸುಟ್ಟೀತು. ಅವನ್ನೆಲ್ಲ ಹಳೆಯ ಎಸ್‌ಎಂಪಿಎಸ್ ಜೊತೆಗೇ ಕಟ್ಟಿ ಬೇರೆ ಇಡಿ.